ಅಮೆರಿಕದ ದೊಡ್ಡಣ್ಣಗಿರಿ, ಪಣಂಬೂರಿನಿಂದ ನೋಡಿದ್ರೆ

ಟಿವಿಯಲ್ಲಿ ಅಮೆರಿಕದ ಸುದ್ದಿ ಬಂದ್ರೆ ಸಾಕು, ಹಿಂದ್ಗಡೆ ಒಂದು ವಿಮಾನವಾಹಕ ಹಡಗು, ನಾಲ್ಕು ಫೈಟರ್ ಜೆಟ್ ತೋರಿಸ್ತಾರೆ, ದೊಡ್ಡಣ್ಣ ಗರಂ ಆಗಿದ್ದಾನೆ ಅಂತ ಆ್ಯಂಕರ್ ಕಿರುಚ್ತಾರೆ. ನಮ್ಮ ತಲೆಯಲ್ಲೂ ಅದೇ ಕೂತಿದೆ, ಅವ್ರ ಹತ್ರ ಬಾಂಬು ಉಂಟು, ಹಾಗಾಗಿ ಲೋಕ ಹೆದರ್ತದೆ ಅಂತ. ಬಾಂಬು ಹಾಕುದು ಸುಳ್ಳಲ್ಲ, 2025ರ ಜೂನ್‌ನಲ್ಲಿ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ಹಾಕಿದ್ದನ್ನು ಎಲ್ಲರೂ ನೋಡಿದ್ದೇವೆ. ಆದ್ರೆ ದಿನಾ ಬಾಂಬು ಹಾಕಿಯೇ ಲೋಕ ಆಳ್ಬೇಕು ಅಂತಾದ್ರೆ ಯಾವ ದೇಶದ ಖಜಾನೆಯೂ ಸಾಲುದಿಲ್ಲ. ದಿನನಿತ್ಯ ಆ ಯಜಮಾನಿಕೆ ನಡೀತಾ ಇರುದು ಬ್ಯಾಂಕಿನವರು, ಇನ್ಶೂರೆನ್ಸ್‌ನವರು, ಹಡಗಿನ ಏಜೆಂಟ್‌ಗಳು ನೋಡುವ ಕಾಗದಪತ್ರದಲ್ಲಿ. ಅದು ಹೇಗೆ ಅಂತ ಅರ್ಥ ಮಾಡ್ಕೊಳ್ಳಿಕ್ಕೆ ವಾಷಿಂಗ್ಟನ್‌ಗೆ ಹೋಗುದು ಬೇಡ, ಮಂಗಳೂರು ಬಂದರು ಇರುವ ಪಣಂಬೂರಿನಿಂದ ಸುರತ್ಕಲ್ ತನಕ ಹೈವೇಯ ಆಚೀಚೆ ಏನೇನುಂಟು ಅಂತ ನೋಡಿದ್ರೆ ಅರ್ಧ ಕಥೆ ಅಲ್ಲೇ ಸಿಗ್ತದೆ.

ಕುದುರೆಮುಖ ಕಂಪೆನಿಯಿಂದಲೇ ಶುರು ಮಾಡುವ. ಬಂದರಿನ ಪಕ್ಕ ಕಬ್ಬಿಣದ ಅದಿರನ್ನು ಉಂಡೆ ಮಾಡುವ ಪೆಲೆಟ್ ಪ್ಲಾಂಟ್ ಉಂಟಲ್ಲ, ಕೆಐಒಸಿಎಲ್‌ನದ್ದು, ಅದು ಅಲ್ಲಿ ಯಾಕೆ ಬಂತು ಅಂತ ಈಗಿನ ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಹುಟ್ಟಿಗೆ ಕಾರಣ ಇರಾನಿನ ಷಾ, ಅಂದ್ರೆ ಅಲ್ಲಿನ ಆಗಿನ ರಾಜ. 1975ರ ನವೆಂಬರ್‌ನಲ್ಲಿ ಭಾರತ ಮತ್ತು ಇರಾನ್ ಮಾಡ್ಕೊಂಡ ಒಪ್ಪಂದ ಹೇಗಿತ್ತು ಅಂದ್ರೆ, ಇರಾನ್ 63 ಕೋಟಿ ಡಾಲರ್ ಸಾಲ ಕೊಡುದು, ಆ ದುಡ್ಡಲ್ಲಿ ನಾವು ಕುದುರೆಮುಖದಲ್ಲಿ ಗಣಿ ತೆಗೆಯುದು, ಅದಿರನ್ನು ನುಣ್ಣಗೆ ಪುಡಿ ಮಾಡಿ ನೀರಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಪೈಪಲ್ಲಿ ಘಟ್ಟದಿಂದ ಕೆಳಗೆ ಮಂಗಳೂರಿಗೆ ಇಳಿಸುದು, ಇಲ್ಲಿಂದ ಹಡಗಿಗೆ ತುಂಬಿ 21 ವರ್ಷದಲ್ಲಿ 15 ಕೋಟಿ ಟನ್ ಇರಾನಿಗೆ ಕಳಿಸುದು. ಷಾಗೆ ದೊಡ್ಡ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟುವ ಆಸೆ, 1973ರಲ್ಲಿ ಎಣ್ಣೆ ರೇಟು ನಾಲ್ಕು ಪಟ್ಟು ಏರಿ ಕೈತುಂಬ ದುಡ್ಡು ಬೇರೆ.

ಈ ಷಾ ಆ ಕುರ್ಚಿಯಲ್ಲಿ ಉಳಿದದ್ದೇ ಅಮೆರಿಕದ ದಯೆಯಿಂದ. 1951ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಬ್ರಿಟಿಷರ ಕೈಲಿದ್ದ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದ್ರು, 1953ರ ಆಗಸ್ಟ್‌ನಲ್ಲಿ ಸಿಐಎ ಮತ್ತು ಬ್ರಿಟಿಷ್ ಗುಪ್ತಚರರು ಸೇರಿ ಅವ್ರನ್ನು ಇಳಿಸಿದ್ರು, ಷಾ ಕೈಗೆ ಪೂರ್ತಿ ಅಧಿಕಾರ ಬಂತು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ, ಆದ್ರೂ ಸಿಐಎ ತನ್ನ ದಾಖಲೆಯಲ್ಲಿ ಅದನ್ನು ಒಪ್ಪಿಕೊಂಡದ್ದು ಹೊರಗೆ ಬರ್ಲಿಕ್ಕೆ 2013 ಆಗ್ಬೇಕಾಯ್ತು. 1971ರಲ್ಲಿ ಬ್ರಿಟಿಷರು ಗಲ್ಫ್‌ನಿಂದ ಜಾಗ ಖಾಲಿ ಮಾಡಿದ ಮೇಲೆ ಅಮೆರಿಕ ತಾನೇ ಬಂದು ಕಾವಲು ಕೂರ್ಲಿಲ್ಲ, ವಿಯೆಟ್ನಾಂನಲ್ಲಿ ಕೈ ಸುಟ್ಕೊಂಡಿತ್ತಲ್ಲ, ಹಾಗಾಗಿ ಇರಾನ್ ಮತ್ತು ಸೌದಿಗೆ ಆಯುಧ ಮಾರಿ ನೀವೇ ನೋಡ್ಕೊಳ್ಳಿ ಅಂತ ಬಿಟ್ತು. ಆ ಕಾಲದ ಸ್ಟ್ರಾಟೆಜಿ ಅದು, ಒಂದೊಂದು ಏರಿಯಾದಲ್ಲಿ ನಮ್ಮವ ಅಂತ ಒಬ್ಬನನ್ನು ಇಟ್ಕೊಳ್ಳುದು. ಖರ್ಚು ಕಮ್ಮಿ, ಕೆಲಸ ಬೇಗ. ಆದ್ರೆ ಆ ಒಬ್ಬ ಬಿದ್ದ ದಿನ ಎಲ್ಲವೂ ಬೀಳ್ತದೆ.

1979ರಲ್ಲಿ ಬಿತ್ತು ಕೂಡ. ಷಾ ಓಡಿದ್ರು, ಕ್ರಾಂತಿಯ ನಾಯಕ ಖೊಮೇನಿ ಬಂದ್ರು, ನವೆಂಬರ್‌ನಲ್ಲಿ ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಯವರನ್ನು ಒತ್ತೆ ಇಟ್ಕೊಂಡ್ರು, ಅಮೆರಿಕ ತನ್ನ ಬ್ಯಾಂಕುಗಳಲ್ಲಿದ್ದ ಇರಾನಿನ ದುಡ್ಡು ಫ್ರೀಜ್ ಮಾಡಿತು. ಇತ್ತ ಕುದುರೆಮುಖಕ್ಕೆ ಬರ್ಬೇಕಾದ ಸಾಲ ಅರ್ಧದಲ್ಲೇ ನಿಂತಿತು. 1980ರಲ್ಲಿ ಗಣಿ ರೆಡಿ, ಪೈಪ್ ರೆಡಿ, ಬಂದರಲ್ಲಿ ಹಡಗಿಗೆ ತುಂಬುವ ವ್ಯವಸ್ಥೆ ರೆಡಿ, ತಕ್ಕೊಳ್ಳುವ ಗಿರಾಕಿ ಮಾತ್ರ ಇಲ್ಲ! ಆಮೇಲೆ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಿದ್ದು, ಆ ಅದಿರು ಪುಡಿಯನ್ನು ಉಂಡೆ ಮಾಡಿಯಾದ್ರೂ ಮಾರುವ ಅಂತ ಪೆಲೆಟ್ ಪ್ಲಾಂಟ್ ಹಾಕಿದ್ದು, ಅದೆಲ್ಲ ಇನ್ನೊಂದು ಕಥೆ. ವಾಷಿಂಗ್ಟನ್‌ನಲ್ಲಿ ಯಾರೂ ಕುದುರೆಮುಖದ ಹೆಸರು ಕೇಳಿರ್ಲಿಕ್ಕಿಲ್ಲ, ನಮಗೆ ತೊಂದ್ರೆ ಕೊಡುವ ಉದ್ದೇಶವೂ ಅವ್ರಿಗೆ ಇರ್ಲಿಲ್ಲ. ಆದ್ರೆ ದೊಡ್ಡವರು ಒಂದು ಕಡೆ ಕೈ ಹಾಕಿದ್ರೆ ಅದರ ಬಿಲ್ಲು 26 ವರ್ಷ ಬಿಟ್ಟು ಎಲ್ಲಿ ಬಂದು ಬೀಳ್ತದೆ ನೋಡಿ.

ಇರಾನ್ ಕೈತಪ್ಪಿದ ಮೇಲೆ ಅಮೆರಿಕದ ರೀತಿ ನಿಧಾನಕ್ಕೆ ಬದಲಾಯ್ತು. ಒಬ್ಬ ರಾಜನನ್ನು ನಂಬುದಕ್ಕಿಂತ ದಾರಿಗಳನ್ನು ಹಿಡ್ಕೊಳ್ಳುದು ಒಳ್ಳೇದು ಅಂತ ಅವ್ರಿಗೆ ಗೊತ್ತಾಯ್ತು ಅಂತ ನಂಗೆ ಅನಿಸ್ತದೆ. ಹಡಗು ಹೋಗುವ ದಾರಿ, ದುಡ್ಡು ಹೋಗುವ ದಾರಿ, ಸಾಮಾನು ಮಾರುವ ಮಾರ್ಕೆಟ್ಟಿನ ಬಾಗಿಲು. ಅದರಲ್ಲಿ ದುಡ್ಡಿನ ದಾರಿ ಎಷ್ಟು ಬಿಗಿ ಅಂತ ಪೆಲೆಟ್ ಪ್ಲಾಂಟ್ ದಾಟಿ ಸ್ವಲ್ಪ ಮುಂದೆ ಕುತ್ತೆತ್ತೂರಿಗೆ ಹೋದ್ರೆ ಗೊತ್ತಾಗ್ತದೆ.

ಎಂಆರ್‌ಪಿಎಲ್ ಅನ್ನುವ ಅಲ್ಲಿನ ಎಣ್ಣೆ ರಿಫೈನರಿ ಒಂದು ಕಾಲಕ್ಕೆ ದೇಶದಲ್ಲೇ ಇರಾನ್ ಕಚ್ಚಾತೈಲದ ದೊಡ್ಡ ಗಿರಾಕಿಗಳಲ್ಲಿ ಒಂದು. ಹತ್ತಿರದ ದಾರಿ, ಕ್ರೆಡಿಟ್ ಕೂಡ ಒಳ್ಳೇದು ಸಿಗ್ತಿತ್ತು, ರಿಫೈನರಿಗೆ ಆ ಎಣ್ಣೆ ಹೊಂದ್ತಿತ್ತು. ಈಗ ಯೋಚನೆ ಮಾಡಿ, ಮಾರುವವ ಇರಾನ್, ಕೊಳ್ಳುವವ ಮಂಗಳೂರಿನಲ್ಲಿ, ಹಡಗು ಬರುದು ಅರಬ್ಬಿ ಸಮುದ್ರದಲ್ಲಿ, ಇದರಲ್ಲಿ ಅಮೆರಿಕ ಎಲ್ಲಿ ಬಂತು? ಬಂದದ್ದು ರೇಟಿನಲ್ಲಿ. ಎಣ್ಣೆಗೆ ರೇಟು ಡಾಲರಲ್ಲಿ, ಡಾಲರು ಒಂದು ಬ್ಯಾಂಕಿಂದ ಇನ್ನೊಂದು ಬ್ಯಾಂಕಿಗೆ ಹೋಗ್ಬೇಕಾದ್ರೆ ಕೊನೆಗೆ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನ ಪುಸ್ತಕದಲ್ಲಿ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡ್ಬೇಕು, ಆ ಒಂದು ಕ್ಷಣಕ್ಕೆ ಆ ವ್ಯವಹಾರ ಅಮೆರಿಕದ ನೆಲ ಮುಟ್ತದೆ, ನೆಲ ಮುಟ್ಟಿದ್ರೆ ಕಾನೂನೂ ಅವ್ರದ್ದೇ. ಅಮೆರಿಕದ ಖಜಾನೆ ಇಲಾಖೆಯಲ್ಲಿ ಓಫ್ಯಾಕ್ ಅಂತ ಒಂದು ಆಫೀಸುಂಟು, ಯಾರ ಜೊತೆ ವ್ಯವಹಾರ ಮಾಡ್ಬಾರ್ದು ಅಂತ ಲಿಸ್ಟ್ ಮಾಡುದು ಅದರ ಕೆಲಸ. ಆ ಲಿಸ್ಟಿಗೆ ಲೋಕದ ಬ್ಯಾಂಕುಗಳು ಎಷ್ಟು ಹೆದರ್ತವೆ ಅಂದ್ರೆ ತಮ್ಮ ದೇಶದ ಸರ್ಕಾರಕ್ಕೂ ಅಷ್ಟು ಹೆದರುದಿಲ್ಲ. ಹೆದರ್ಲಿಕ್ಕೆ ಕಾರಣವೂ ಉಂಟು. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕಿಗೆ ಸುಡಾನ್, ಇರಾನ್, ಕ್ಯೂಬಾ ವ್ಯವಹಾರಕ್ಕೆ ಹಾಕಿದ ದಂಡ ಸುಮಾರು 890 ಕೋಟಿ ಡಾಲರ್. ಫ್ರಾನ್ಸಿನ ಕಾನೂನು ಪ್ರಕಾರ ಅದು ತಪ್ಪಾಗಿತ್ತಾ ಇಲ್ವಾ ಅಂತ ಯಾರೂ ಕೇಳ್ಲಿಲ್ಲ.

ಇರಾನಿನ ಅಣು ಕಾರ್ಯಕ್ರಮದ ಕಾರಣಕ್ಕೆ ಅಮೆರಿಕ ಅದರ ಮೇಲೆ ನಿರ್ಬಂಧ ಬಿಗಿ ಮಾಡ್ತಾ ಹೋಯ್ತು. ನಮ್ಮಲ್ಲಿ ಏನಾಯ್ತು ಅಂದ್ರೆ, 2010ರ ತನಕ ಇರಾನಿಗೆ ದುಡ್ಡು ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಅಂತ ಒಂದು ವ್ಯವಸ್ಥೆಯಲ್ಲಿ ಹೋಗ್ತಿತ್ತು, ಆ ವರ್ಷ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು. ಆಮೇಲೆ ಜರ್ಮನಿಯ ಹ್ಯಾಂಬರ್ಗಿನ ಒಂದು ಬ್ಯಾಂಕ್ ಮೂಲಕ ಕಳಿಸಿದ್ರು, ಅದೂ ಮುಚ್ಚಿತು. ಟರ್ಕಿಯ ಹಾಲ್ಕ್ ಬ್ಯಾಂಕ್ ಹಿಡಿದ್ರು, ಅದೂ ಬಂದ್. 2012ರ ಮಾರ್ಚ್‌ನಲ್ಲಿ ಇರಾನಿನ ಬ್ಯಾಂಕುಗಳನ್ನು ಸ್ವಿಫ್ಟ್ ನೆಟ್‌ವರ್ಕಿಂದಲೇ ಹೊರಗೆ ಹಾಕಿದ್ರು, ಅಂದ್ರೆ ದುಡ್ಡು ಕಳಿಸ್ತೇವೆ ಅಂತ ಒಂದು ಮೆಸೇಜು ಹಾಕ್ಲಿಕ್ಕೂ ದಾರಿ ಇಲ್ಲ. ಕೊನೆಗೆ ಕೋಲ್ಕತ್ತಾದ ಯುಕೋ ಬ್ಯಾಂಕಿನಲ್ಲಿ ಇರಾನಿಗೆ ಖಾತೆ ಮಾಡಿ, ಬಿಲ್ಲಿನ ಶೇ. 45ನ್ನು ರೂಪಾಯಿಯಲ್ಲಿ ಹಾಕುದು, ಆ ರೂಪಾಯಿಯಲ್ಲಿ ಅವ್ರು ನಮ್ಮಿಂದ ಬಾಸ್ಮತಿ ಅಕ್ಕಿ, ಚಾ ಹುಡಿ ಎಲ್ಲ ತಕ್ಕೊಳ್ಳುದು ಅಂತ ಮಾಡಿದ್ರು. ಎಣ್ಣೆ ಕೊಟ್ಟು ಅಕ್ಕಿ ತಕ್ಕೊಂಡು ಹೋಗುದು, 21ನೇ ಶತಮಾನದಲ್ಲಿ!

ಯುಕೋ ಬ್ಯಾಂಕಿಗೆ ಯಾಕೆ ಕೊಟ್ರು ಅಂದ್ರೆ ಅದಕ್ಕೆ ಅಮೆರಿಕದಲ್ಲಿ ವ್ಯವಹಾರವೇ ಇರ್ಲಿಲ್ಲ, ಹಾಗಾಗಿ ಅಲ್ಲಿಯವರಿಗೆ ಹಿಡೀಲಿಕ್ಕೆ ಜುಟ್ಟು ಸಿಗುದಿಲ್ಲ. ಇದು ನಮ್ಮವರ ಬುದ್ಧಿವಂತಿಕೆ, ಒಪ್ಪಲೇಬೇಕು.

ದುಡ್ಡಿನ ದಾರಿ ಮಾಡಿದ್ರೆ ಇನ್ಶೂರೆನ್ಸ್ ಕೈ ಕೊಟ್ಟಿತು. ಕಚ್ಚಾತೈಲದ ಹಡಗು ಸಮುದ್ರದಲ್ಲಿ ಒಡೆದ್ರೆ ಎಣ್ಣೆ ಚೆಲ್ಲಿ ಸಾವಿರಾರು ಕೋಟಿ ಪರಿಹಾರ ಕೊಡ್ಬೇಕಾಗ್ತದೆ, ಹಾಗಾಗಿ ವಿಮೆ ಇಲ್ಲದ ಹಡಗನ್ನು ಯಾವ ಬಂದರೂ ಒಳಗೆ ಬಿಡುದಿಲ್ಲ. ಈ ತರದ ವಿಮೆಯ ಕ್ಲಬ್ಬುಗಳ ಒಂದು ಗುಂಪು ಲೋಕದ ಸಮುದ್ರ ಹಡಗುಗಳ ಸುಮಾರು ಶೇ. 90ಕ್ಕೆ ಕವರ್ ಕೊಡ್ತದೆ, ಅದರ ಕೇಂದ್ರ ಲಂಡನ್. 2012ರ ಜುಲೈ 1ರಿಂದ ಇರಾನ್ ಎಣ್ಣೆ ಹೊತ್ತ ಹಡಗಿಗೆ ಯುರೋಪಿನವರು ವಿಮೆ ಕೊಡ್ಬಾರ್ದು ಅಂತ ಯುರೋಪಿಯನ್ ಯೂನಿಯನ್ ಹೇಳ್ತು. ಆಗ ನಮ್ಮ ಸರ್ಕಾರ, ಸರಿ, ಇರಾನೇ ತನ್ನ ಹಡಗಲ್ಲಿ, ತನ್ನ ವಿಮೆಯಲ್ಲಿ ಮಂಗಳೂರಿಗೆ ತಂದು ಮುಟ್ಟಿಸ್ಲಿ ಅಂತ ರೂಲ್ಸ್ ಸಡಿಲ ಮಾಡ್ತು. ಅದಾದ ಮೇಲೆ 2013ರಲ್ಲಿ ಬಂದ ಪೆಟ್ಟು ಎಂತದ್ದು ಗೊತ್ತುಂಟಾ, ಹಡಗಿನ ವಿಮೆ ಬಿಡಿ, ರಿಫೈನರಿಯ ವಿಮೆಗೇ ಕುತ್ತು ಬಂತು. ನಮ್ಮ ವಿಮಾ ಕಂಪೆನಿಗಳು ತಮ್ಮ ರಿಸ್ಕನ್ನು ಹೊರದೇಶದ ಮರುವಿಮೆ ಕಂಪೆನಿಗಳಿಗೆ ದಾಟಿಸ್ತಾವೆ, ಆ ಹೊರಗಿನವರು, ಇರಾನ್ ಎಣ್ಣೆ ಸಂಸ್ಕರಿಸುವ ಪ್ಲಾಂಟಿಗೆ ನಾವು ಕವರ್ ಕೊಡುದಿಲ್ಲ ಅಂದ್ರು. ಅಂದ್ರೆ ಕುತ್ತೆತ್ತೂರಲ್ಲಿ ನಾಳೆ ಏನಾದ್ರೂ ಬೆಂಕಿ ಅವಘಡ ಆದ್ರೆ ನಷ್ಟ ತುಂಬಿಕೊಡುವವರು ಯಾರೂ ಇಲ್ಲ. ಎಂಆರ್‌ಪಿಎಲ್ ಕೆಲ ತಿಂಗಳು ಇರಾನ್ ಎಣ್ಣೆ ತರುದನ್ನೇ ನಿಲ್ಲಿಸ್ಬೇಕಾಯ್ತು.

ಈ ಪೂರ್ತಿ ಕಥೆಯಲ್ಲಿ ಇರಾನ್ ಎಣ್ಣೆ ಕೊಳ್ಬಾರ್ದು ಅಂತ ವಿಶ್ವಸಂಸ್ಥೆ ಎಲ್ಲೂ ಹೇಳಿರ್ಲಿಲ್ಲ. ಮಂಗಳೂರಿಗೆ ಬಂದು ಯಾವ ಅಮೆರಿಕನ್ ಆಫೀಸರೂ ಯಾರನ್ನೂ ಹೆದರಿಸ್ಬೇಕಾಗ್ಲಿಲ್ಲ. ಹ್ಯಾಂಬರ್ಗಿನ ಬ್ಯಾಂಕಿನವ ತನ್ನ ಪಾಡಿಗೆ ಹೆದರಿದ, ಲಂಡನ್ನಿನ ವಿಮೆಯವ ತನ್ನ ಪಾಡಿಗೆ ಹೆದರಿದ, ಮರುವಿಮೆಯವ ಪಾಲಿಸಿಯಲ್ಲಿ ಒಂದು ಸಾಲು ಸೇರಿಸಿದ, ಅಷ್ಟೇ. ನನ್ನ ಪ್ರಕಾರ ಯಜಮಾನಿಕೆಯ ನಿಜವಾದ ಗುಟ್ಟು ಇದೇ, ಬೇರೆಯವರೇ ನಿಮ್ಮ ಪೊಲೀಸ್ ಕೆಲಸವನ್ನು ಸಂಬಳ ಇಲ್ಲದೆ ಮಾಡಿಕೊಡುದು. 2015ರಲ್ಲಿ ಒಬಾಮ ಕಾಲದ ಅಣು ಒಪ್ಪಂದ ಆಗಿ 2016ರ ಜನವರಿಯಲ್ಲಿ ನಿರ್ಬಂಧ ಸಡಿಲ ಆಯ್ತು, ಎಣ್ಣೆ ಮತ್ತೆ ಜೋರಾಗಿ ಬಂತು. 2018ರ ಮೇಯಲ್ಲಿ ಟ್ರಂಪ್ ಆ ಒಪ್ಪಂದದಿಂದ ಹೊರಗೆ ಬಂದ್ರು. ಅದೇ ತಿಂಗಳು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ಭಾರತ ವಿಶ್ವಸಂಸ್ಥೆಯ ನಿರ್ಬಂಧ ಮಾತ್ರ ಪಾಲಿಸ್ತದೆ, ಒಂದೊಂದು ದೇಶ ಹಾಕುವ ನಿರ್ಬಂಧ ಪಾಲಿಸುದಿಲ್ಲ ಅಂತ ಹೇಳಿದ್ರು. ಒಳ್ಳೇ ಮಾತು. ನವೆಂಬರ್‌ನಲ್ಲಿ ಭಾರತವೂ ಸೇರಿ ಎಂಟು ಕಡೆಯವರಿಗೆ ಆರು ತಿಂಗಳ ವಿನಾಯಿತಿ ಸಿಕ್ತು, 2019ರ ಮೇಯಲ್ಲಿ ಅದು ಮುಗೀತು, ನಮ್ಮ ಇರಾನ್ ಆಮದೂ ಸೊನ್ನೆಗೆ ಬಂತು.

ಡಾಲರಿಗೆ ಇಷ್ಟು ಬಲ ಬಂದದ್ದು ಹೇಗೆ ಅನ್ನುದು ದೊಡ್ಡ ಕಥೆ, ಚಿಕ್ಕದಾಗಿ ಹೇಳ್ತೇನೆ. 1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಕೂತು ಎಲ್ಲ ಕರೆನ್ಸಿಯನ್ನು ಡಾಲರಿಗೆ, ಡಾಲರನ್ನು ಒಂದು ಔನ್ಸಿಗೆ 35ರ ಲೆಕ್ಕದಲ್ಲಿ ಚಿನ್ನಕ್ಕೆ ಕಟ್ಟಿದ್ವು. 1971ರ ಆಗಸ್ಟ್ 15ಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಇನ್ನು ಡಾಲರಿಗೆ ಚಿನ್ನ ಕೊಡುದಿಲ್ಲ ಅಂದ್ರು. ಡಾಲರ್ ಬೀಳ್ಬೇಕಿತ್ತು, ಆದ್ರೆ 1974ರ ನಂತರ ಸೌದಿ ಜೊತೆ ಮಾಡ್ಕೊಂಡ ಹೊಂದಾಣಿಕೆ ಅದನ್ನು ಎತ್ತಿ ಹಿಡೀತು, ಅವ್ರ ಎಣ್ಣೆ ದುಡ್ಡು ತಿರುಗಿ ಅಮೆರಿಕದ ಬಾಂಡಿಗೇ ಬರುದು, ಇವ್ರು ಆಯುಧ ಮತ್ತು ರಕ್ಷಣೆ ಕೊಡುದು. ಎಣ್ಣೆ ಎಲ್ಲರಿಗೂ ಬೇಕು, ಹಾಗಾಗಿ ಡಾಲರೂ ಎಲ್ಲರಿಗೂ ಬೇಕಾಯ್ತು. ಸುರತ್ಕಲ್ ಟೋಲ್ ಗೇಟ್ ನೆನಪುಂಟಲ್ಲ, ಎಷ್ಟು ಬೈದ್ರೂ ಬೇರೆ ರಸ್ತೆ ಇಲ್ಲದ ಕಾರಣ ಎಲ್ಲರೂ ಕಟ್ಟಿ ಹೋಗ್ತಿದ್ರು, ಡಾಲರೂ ಅದೇ ತರ. ವ್ಯತ್ಯಾಸ ಎಂತ ಅಂದ್ರೆ ಸುರತ್ಕಲ್‌ನದ್ದನ್ನು ಊರವರು ಹೋರಾಟ ಮಾಡಿ 2022ರ ಡಿಸೆಂಬರ್‌ನಲ್ಲಿ ಎತ್ತಿಸಿದ್ರು.

ಇದರ ಇನ್ನೊಂದು ಮುಖ ನಮ್ಮ ಊರಿನ ಮನೆಮನೆಯಲ್ಲಿ ಉಂಟು, ನಾವು ಅದನ್ನು ವಿದೇಶಾಂಗ ನೀತಿ ಅಂತ ನೋಡುದಿಲ್ಲ ಅಷ್ಟೇ. ದುಬೈಯ ದಿರ್ಹಂ 1997ರಿಂದ ಒಂದು ಡಾಲರಿಗೆ 3.6725 ಅಂತ ಫಿಕ್ಸ್, ಸೌದಿ ರಿಯಾಲ್ 1986ರಿಂದ 3.75. ಅಂದ್ರೆ ಕಾಪುವಿನಿಂದಲೋ ಬಜ್ಪೆಯಿಂದಲೋ ಹೋಗಿ ದುಬೈಯ ದೇರಾದಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ದುಡಿಯುವ ಹುಡುಗ ದುಡಿಯುದು ಹೆಸರಿಗೆ ದಿರ್ಹಂ, ಲೆಕ್ಕಕ್ಕೆ ಡಾಲರು. ಅಮೆರಿಕದ ಸೆಂಟ್ರಲ್ ಬ್ಯಾಂಕು ಫೆಡ್ ಬಡ್ಡಿ ಏರಿಸಿದ್ರೆ ರೂಪಾಯಿ ಕುಸೀತದೆ, ದಿಲ್ಲಿಯಲ್ಲಿ ಪೇಪರಿನವರು ತಲೆಬಿಸಿ ಮಾಡ್ಕೊಳ್ತಾರೆ, ನಮ್ಮಲ್ಲಿ ವಾಟ್ಸಾಪಲ್ಲಿ ಮಾತ್ರ ಖುಷಿಯಲ್ಲಿ ಕೇಳುದು, ಇವತ್ತು ರೇಟ್ ಎಷ್ಟಾಯ್ತು, ಕಳಿಸ್ಲಾ ಇನ್ನೆರಡು ದಿನ ಕಾಯ್ಲಾ? ಡಾಲರಿನ ಯಜಮಾನಿಕೆಯನ್ನು ಮೈಕ್ ಹಿಡಿದು ಬೈಯುವ ಎಷ್ಟೋ ಜನರ ಮನೆಯ ಸ್ಲ್ಯಾಬು ಅದೇ ಡಾಲರಿಂದ ಬಿದ್ದದ್ದು. ನಾನು ಟೀಕೆಗೆ ಹೇಳುದಲ್ಲ, ಈ ವ್ಯವಸ್ಥೆ ಇಷ್ಟು ವರ್ಷ ನಿಂತದ್ದು ಅದರಿಂದ ಕೋಟಿಗಟ್ಟಲೆ ಜನರಿಗೆ ಏನೋ ಸಿಗ್ತದೆ ಅನ್ನುವ ಕಾರಣಕ್ಕೂ ಹೌದು, ಬರೀ ಹೆದರಿಕೆಯಿಂದ ಮಾತ್ರ ಇಷ್ಟು ಕಾಲ ನಡೀಲಿಕ್ಕಿಲ್ಲ.

ಹಡಗಿನ ದಾರಿಗೆ ಬರುವ. ಗಲ್ಫನ್ನು ಯಾವ ಹೊರಗಿನವನೂ ಹಿಡ್ಕೊಳ್ಳಿಕ್ಕೆ ನೋಡ್ಬಾರ್ದು, ನೋಡಿದ್ರೆ ಯುದ್ಧ ಮಾಡಿಯಾದ್ರೂ ತಡೀತೇವೆ ಅಂತ ಅಮೆರಿಕದ ಅಧ್ಯಕ್ಷ ಕಾರ್ಟರ್ 1980ರ ಜನವರಿಯಲ್ಲಿ ಹೇಳಿದ ಮಾತು ಇವತ್ತಿಗೂ ಅವ್ರ ನೀತಿ. ಅದಕ್ಕೆ ತಕ್ಕ ಹಾಗೆ ಬಹ್ರೈನ್‌ನಲ್ಲಿ ಐದನೇ ನೌಕಾದಳದ ಕೇಂದ್ರ, ಕತಾರ್‌ನ ಅಲ್ ಉದೈದ್‌ನಲ್ಲಿ ವಾಯುನೆಲೆ, ನಮ್ಮ ಕೆಳಗೆ ಹಿಂದೂ ಮಹಾಸಾಗರದ ನಡುವೆ ಡಿಯೆಗೊ ಗಾರ್ಸಿಯಾ, ಅಲ್ಲಿನ ಮೂಲ ಜನರನ್ನು ಒಕ್ಕಲೆಬ್ಬಿಸಿ ಬ್ರಿಟಿಷರು ಮಾಡಿಕೊಟ್ಟ ಜಾಗ. ಲೋಕದಲ್ಲಿ ಬಳಕೆಯಾಗುವ ಎಣ್ಣೆಯ ಸುಮಾರು ಐದನೇ ಒಂದು ಪಾಲು ಹಾರ್ಮುಜ್ ಜಲಸಂಧಿ ದಾಟಿಯೇ ಬರ್ಬೇಕು, ಮಂಗಳೂರಿಗೆ ಗಲ್ಫ್‌ನಿಂದ ಬರುದರಲ್ಲಿ ಹೆಚ್ಚಿನದ್ದೂ ಅಲ್ಲಿಂದಲೇ. ಈ ಕಾವಲಿನ ಲಾಭ ನಮಗೂ ಉಂಟು, ಸುಳ್ಳು ಹೇಳ್ಬಾರ್ದು.

ಆದ್ರೆ ಕಾವಲು ಕಾಯುವವ ನಮ್ಮ ಮನೆ ಅಂಗಳಕ್ಕೂ ಕೇಳದೆ ಬರ್ತಾನೆ ಅಂತ ಗೊತ್ತಾದದ್ದು 2021ರ ಏಪ್ರಿಲ್ 7ಕ್ಕೆ. ಜಾನ್ ಪಾಲ್ ಜೋನ್ಸ್ ಅನ್ನುವ ಅಮೆರಿಕದ ಯುದ್ಧನೌಕೆ ಲಕ್ಷದ್ವೀಪದಿಂದ ಪಶ್ಚಿಮಕ್ಕೆ 130 ನಾಟಿಕಲ್ ಮೈಲಿನಲ್ಲಿ, ನಮ್ಮ ವಿಶೇಷ ಆರ್ಥಿಕ ವಲಯದ ಒಳಗೆ, ಅಂದ್ರೆ ಸಮುದ್ರದ ಸಂಪತ್ತಿನ ಹಕ್ಕು ನಮಗಿರುವ ಜಾಗದಲ್ಲಿ, ಪರ್ಮಿಷನ್ ಕೇಳದೆ ಹೋಯ್ತು. ಹೋದದ್ದಷ್ಟೇ ಅಲ್ಲ, ಕೇಳದೆ ಹೋಗಿದ್ದೇವೆ, ನಿಮ್ಮ ಕ್ಲೇಮು ಜಾಸ್ತಿಯಾಯ್ತು ಅಂತ ತೋರಿಸ್ಲಿಕ್ಕೇ ಹೋದದ್ದು ಅಂತ ಅವ್ರೇ ಪ್ರೆಸ್ ನೋಟ್ ಹಾಕಿದ್ರು. ಮಂಗಳೂರಿನ ಹಳೇ ಬಂದರಿಂದ ಸಾಮಾನು ಹೊತ್ಕೊಂಡು ಮಂಜಿ ಅನ್ನುವ ಮರದ ಹಡಗುಗಳು ಹೋಗುದು ಅದೇ ಲಕ್ಷದ್ವೀಪಕ್ಕೆ. ತಮಾಷೆ ಎಂತ ಅಂದ್ರೆ, ಅವ್ರು ಆಧಾರ ಕೊಡುವ ಸಮುದ್ರ ಕಾನೂನಿನ ಒಪ್ಪಂದಕ್ಕೆ ಅಮೆರಿಕದ ಸೆನೆಟ್ ಇವತ್ತಿನ ತನಕ ಒಪ್ಪಿಗೆಯೇ ಕೊಡ್ಲಿಲ್ಲ, ನಾವು 1995ರಲ್ಲೇ ಕೊಟ್ಟಿದ್ದೇವೆ. ದಿಲ್ಲಿ ಆಕ್ಷೇಪ ತಿಳಿಸಿತು, ಅಲ್ಲಿಗೆ ಮುಗೀತು. ಅದೂ ನಾವು ಅವ್ರ ಜೊತೆ ಕ್ವಾಡ್ ಅನ್ನುವ ನಾಲ್ಕು ದೇಶಗಳ ಕೂಟದಲ್ಲಿ ಕೂತಿರುವಾಗ. ಇದಕ್ಕೆ ನಾನು ಕೊಡುವ ಅರ್ಥ ಇಷ್ಟೇ, ದೋಸ್ತಿ ಬೇರೆ, ರೂಲ್ ಯಾರು ಬರೀತಾರೆ ಅನ್ನುದು ಬೇರೆ, ಎರಡನೇದರಲ್ಲಿ ಅವ್ರು ದೋಸ್ತಿಗೂ ರಿಯಾಯಿತಿ ಕೊಡುದಿಲ್ಲ.

ಎಣ್ಣೆಯ ದಾರಿ ಮುಚ್ಚಿದ್ರೆ ಎಂತ ಮಾಡುದು ಅನ್ನುದಕ್ಕೆ ನಮ್ಮವರ ಉತ್ತರ ನೆಲದಡಿಯಲ್ಲಿ ಉಂಟು. ಮಂಗಳೂರಿನ ಹತ್ರದ ಪೆರ್ಮುದೆಯಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಕಚ್ಚಾತೈಲ ತುಂಬಿ ಇಡ್ತಾರೆ, ವಿಶಾಖಪಟ್ಟಣದ್ದೂ ಸೇರಿ ಒಟ್ಟು 53 ಲಕ್ಷ ಟನ್ ಚಿಲ್ಲರೆ. ಪೂರ್ತಿ ತುಂಬಿದ್ರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಬರ್ತದೆ ಅಂತ ಸರ್ಕಾರದ ಲೆಕ್ಕ, ದೊಡ್ಡದಲ್ಲ, ಆದ್ರೆ ಏನೂ ಇಲ್ಲದಕ್ಕಿಂತ ಮೇಲು. ಪೆರ್ಮುದೆಯ ಗುಹೆಗೆ 2016ರಲ್ಲಿ ಮೊದಲು ತುಂಬಿದ್ದರಲ್ಲಿ ಇರಾನ್ ಎಣ್ಣೆ ಇತ್ತು. 2018ರ ಮೇಯಿಂದ ಅಬುಧಾಬಿಯ ಅಡ್ನಾಕ್ ಕಂಪೆನಿ ಅಲ್ಲಿ ಎಣ್ಣೆ ಇಡ್ಲಿಕ್ಕೆ ಶುರು ಮಾಡ್ತು. ಅದೇ ತಿಂಗಳು ಟ್ರಂಪ್ ಒಪ್ಪಂದ ಮುರಿದದ್ದು, ಎರಡಕ್ಕೂ ಸಂಬಂಧ ಇಲ್ಲ, ಅಬುಧಾಬಿಯದ್ದು ಮೊದಲೇ ಆದ ಮಾತುಕತೆ. ಆದ್ರೂ ಗುಹೆಯೊಳಗೆ ಯಾವ ದೇಶದ ಎಣ್ಣೆ ಉಂಟು ಅಂತ ನೋಡಿದ್ರೆ ಗಾಳಿ ಯಾವ ಕಡೆ ಬೀಸ್ತಾ ಉಂಟು ಅಂತ ಗೊತ್ತಾಗ್ತದೆ.

ಮೂರನೇದು ಮಾರ್ಕೆಟ್ಟು. ಇದಕ್ಕೆ ಮಲ್ಪೆಗೆ ಹೋಗ್ಬೇಕು. ಅಮೆರಿಕದಲ್ಲಿ 1989ರದ್ದೊಂದು ಕಾನೂನುಂಟು, ಕಡಲಾಮೆ ಸಾಯುವ ತರ ಹಿಡಿದ ಸಿಗಡಿ ನಮಗೆ ಬೇಡ ಅಂತ. ಹಾಗಾಗಿ ಟ್ರಾಲ್ ಬಲೆಯ ನಡುವೆ ಒಂದು ಕಬ್ಬಿಣದ ಜಾಲರಿ ಹೊಲಿದು, ಅದರ ಹತ್ರ ಬಲೆಯಲ್ಲೊಂದು ಬಾಗಿಲು ಬಿಡ್ಬೇಕು, ಆಮೆ ಜಾಲರಿಗೆ ತಾಗಿ ಆ ಬಾಗಿಲಿಂದ ಹೊರಗೆ ಹೋಗ್ತದೆ, ಸಿಗಡಿ ಸರಳಿನ ಎಡೆಯಲ್ಲಿ ನುಸುಳಿ ಒಳಗೆ ಬೀಳ್ತದೆ. ಟೆಡ್ ಅಂತಾರೆ ಅದಕ್ಕೆ. ಆಮೆ ಹೋಗುವ ಬಾಗಿಲಿಂದ ನಮ್ಮ ದೊಡ್ಡ ಮೀನೂ ಹೋಗ್ತದಲ್ಲ ಮಾರಾಯ್ರೆ, ಡೀಸೆಲಿನ ದುಡ್ಡು ಯಾರು ಕೊಡುದು ಅಂತ ಬೋಟಿನವರ ತಕರಾರು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಸ್ ಹಾಕಿದ್ವು, 1998ರಲ್ಲಿ ತೀರ್ಪು ಬಂತು, ಆಮೆ ಉಳಿಸುವ ಉದ್ದೇಶ ಸರಿ, ಆದ್ರೆ ಒಂದು ದೇಶಕ್ಕೊಂದು ತರ ಮಾಡಿದ್ದು ತಪ್ಪು ಅಂತ. ನಾವು ಕೇಸ್ ಗೆದ್ದೆವು. ಅವ್ರು ಜಾರಿ ಮಾಡುವ ರೀತಿ ಸ್ವಲ್ಪ ತಿದ್ದಿಕೊಂಡ್ರು, ಕಾನೂನು ಹಾಗೇ ಉಳೀತು. ಕೆಲವು ವರ್ಷಗಳ ಹಿಂದೆ ನಮ್ಮ ಬೋಟು ಹಿಡಿದ ಸಮುದ್ರದ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿಯೂ ಹೋಯ್ತು. ಆಮೆ ಉಳೀಬೇಕು, ಅದರಲ್ಲಿ ನಂಗೆ ಎರಡು ಮಾತಿಲ್ಲ, ಆದ್ರೆ ಮಲ್ಪೆಯ ಬಲೆಯ ಅಳತೆ ತೀರ್ಮಾನ ಆಗುದು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಅನ್ನುದನ್ನೂ ನೋಡ್ಬೇಕಲ್ಲ. ದೊಡ್ಡ ಗಿರಾಕಿ ಆಗಿರುದೇ ಒಂದು ಆಯುಧ, ಅದಕ್ಕೆ ಪರವಾನಗಿಯೂ ಬೇಡ.

2025ರ ಆಗಸ್ಟ್‌ನಲ್ಲಿ ಅದೇ ಆಯುಧ ಮುಚ್ಚುಮರೆ ಇಲ್ಲದೆ ಹೊರಗೆ ಬಂತು. ಮೊದ್ಲು ಶೇ. 25 ಸುಂಕ, ಆಗಸ್ಟ್ 27ರಿಂದ ರಷ್ಯಾ ಎಣ್ಣೆ ಕೊಳ್ತೀರಿ ಅಂತ ಇನ್ನೊಂದು 25, ಒಟ್ಟು 50. ರಷ್ಯಾ ಎಣ್ಣೆಯನ್ನು ನಮಗಿಂತ ಜಾಸ್ತಿ ಕೊಳ್ಳುವ ಚೀನಾಕ್ಕೆ ಈ ದಂಡ ಬೀಳ್ಲಿಲ್ಲ. ಯಾಕೆ? ಚೀನಾದ ಕೈಯಲ್ಲೂ ಒಂದು ಗೇಟು ಉಂಟು, ಅಪರೂಪದ ಖನಿಜಗಳು, ಅದನ್ನು ಮುಚ್ಚಿದ್ರೆ ಅಮೆರಿಕದ ಕಾರು ಕಾರ್ಖಾನೆ, ಮಿಸೈಲ್ ಕಾರ್ಖಾನೆ ಎರಡೂ ನಿಲ್ತದೆ. 2025ರಲ್ಲಿ ಚೀನಾ ಮುಚ್ಚುವ ಬೆದರಿಕೆ ಹಾಕಿದ ಕೂಡ್ಲೆ ಅಕ್ಟೋಬರ್ ಕೊನೆಗೆ ರಾಜಿ ಆಯ್ತು. ನೀತಿ ನ್ಯಾಯ ಅಂತ ಎಷ್ಟು ಮಾತಾಡಿದ್ರೂ ಕೊನೆಗೆ ತಿರುಗಿ ಹೊಡೆದ್ರೆ ನಮಗೆಷ್ಟು ನೋವು ಅನ್ನುವ ಲೆಕ್ಕವೇ ಮುಖ್ಯ ಆಗುದು.

ಪ್ರೀತಿಯಿಂದ ಒಲಿಸಿಕೊಳ್ಳುವ ಭಾಗವೂ ಉಂಟು. 60 ದಾಟಿದ ಯಾರನ್ನಾದ್ರೂ ಕೇಳಿ, ಶಾಲೆಯಲ್ಲಿ ಅಮೆರಿಕದ ಗೋಧಿ ರವೆಯ ಸಜ್ಜಿಗೆ ತಿಂದ ಕಥೆ ಹೇಳ್ತಾರೆ, ಆ ಪರಿಮಳ ಈಗಿನದ್ದಕ್ಕಿಲ್ಲ ಅಂತ ಬೇರೆ. 1954ರ ಪಿಎಲ್ 480 ಕಾನೂನಿನ ಕಾಲ ಅದು, ಅವ್ರಲ್ಲಿ ಗೋಧಿ ಮಿಕ್ಕಿತ್ತು, ನಮ್ಮಲ್ಲಿ ಹಸಿವಿತ್ತು. 1965-66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ವರ್ಷದ್ದು ಒಟ್ಟಿಗೆ ಕೊಡ್ಲಿಲ್ಲ, ತಿಂಗಳ ಲೆಕ್ಕದಲ್ಲಿ ಹಿಡಿದು ಹಿಡಿದು ಕಳಿಸಿದ್ರು, ಕೃಷಿ ನೀತಿ ಬದಲು ಮಾಡಿ ಅಂತಲೂ, ವಿಯೆಟ್ನಾಂ ಬಗ್ಗೆ ನಮ್ಮನ್ನು ಟೀಕೆ ಮಾಡ್ಬೇಡಿ ಅಂತಲೂ. ಹಸಿರು ಕ್ರಾಂತಿಗೆ ದಿಲ್ಲಿ ಅಷ್ಟು ಅವಸರ ಮಾಡಿದ್ದಕ್ಕೆ ಆ ಅವಮಾನವೂ ಒಂದು ಕಾರಣ. ಈಗ ಗೋಧಿ ಬೇಡ, ಈಗ ಬೇಕಾದದ್ದು ವೀಸಾ. ಸುರತ್ಕಲ್‌ನ ಎನ್ಐಟಿಕೆಯಿಂದ, ಮಣಿಪಾಲದಿಂದ ಎಷ್ಟು ಮಕ್ಕಳು ಎಂಎಸ್ ಮಾಡ್ಲಿಕ್ಕೆ ಹೋಗ್ತಾರೆ, ಮೈಕ್ರೋಸಾಫ್ಟಿನ ಸತ್ಯ ನಾದೆಳ್ಲ ಕೂಡ ಮಣಿಪಾಲದಲ್ಲಿ ಇಂಜಿನಿಯರಿಂಗ್ ಮಾಡಿದವರೇ. ಒಂದು ದೇಶದ ಬುದ್ಧಿವಂತ ಮಕ್ಕಳು ತಾವಾಗಿ ಬಂದು ಸೇರ್ತಾರೆ ಅಂದ್ರೆ ಅದಕ್ಕಿಂತ ದೊಡ್ಡ ಬಲ ಯಾವುದು? 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಫೀಸು ಅಂತ ಮಾಡಿದ್ರು, ತಮ್ಮ ಕಾಲಿಗೆ ತಾವೇ ಕೊಡಲಿ ಹಾಕ್ಕೊಳ್ಳುದು ಅಂದ್ರೆ ಇದು ಅಂತ ನನ್ನ ಅಭಿಪ್ರಾಯ.

ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಐಎಂಎಫ್ ಬಗ್ಗೆ ಒಂದೇ ಮಾತು, ಅಲ್ಲಿ ದೊಡ್ಡ ತೀರ್ಮಾನಕ್ಕೆ ಶೇ. 85 ಮತ ಬೇಕು, ಅಮೆರಿಕದ್ದೊಂದೇ 16.5ರ ಹತ್ತಿರ ಉಂಟು, ಲೆಕ್ಕ ನೀವೇ ಹಾಕಿ.

ಹಾಗಾದ್ರೆ ಇದು ಹೀಗೇ ನಡೀತದಾ? ಬಿರುಕು ಬಿಟ್ಟಿದೆ, ಬಿದ್ದಿಲ್ಲ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧದ ಕಾರಣಕ್ಕೆ ಅಮೆರಿಕ ಮತ್ತು ಅದರ ದೋಸ್ತಿಗಳು ರಷ್ಯಾದ ಸೆಂಟ್ರಲ್ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಫ್ರೀಜ್ ಮಾಡಿದ್ರಲ್ಲ, ಅವತ್ತು ಎಲ್ಲ ದೇಶಗಳ ಖಜಾನೆಯವರಿಗೂ ಹೊಟ್ಟೆಯೊಳಗೆ ಚುರುಕ್ ಅಂದಿದೆ, ನಾಳೆ ನಮ್ಮದು ಅಂತ. 2022ರಿಂದ 2024ರ ತನಕ ಪ್ರತಿ ವರ್ಷ ಸೆಂಟ್ರಲ್ ಬ್ಯಾಂಕುಗಳು ಸಾವಿರ ಟನ್‌ಗಿಂತ ಜಾಸ್ತಿ ಚಿನ್ನ ಕೊಂಡಿವೆ, ನಮ್ಮ ರಿಸರ್ವ್ ಬ್ಯಾಂಕ್ ಲಂಡನ್‌ನಲ್ಲಿಟ್ಟಿದ್ದ ಚಿನ್ನದಲ್ಲಿ ಒಂದಷ್ಟು ಊರಿಗೆ ತಂದಿಟ್ಟಿದೆ. ಮದುವೆ ಮನೆಯವರು ಚಿನ್ನದ ರೇಟು ನೋಡಿ ಎದೆ ಹಿಡ್ಕೊಳ್ಳುದಕ್ಕೆ ಇದೂ ಒಂದು ಕಾರಣ. ದೇಶಗಳ ಮೀಸಲಿನಲ್ಲಿ ಡಾಲರಿನ ಪಾಲು 2000ದ ಹೊತ್ತಿಗೆ ಶೇ. 70 ದಾಟಿತ್ತು, ಈಗ 60ಕ್ಕಿಂತ ಕೆಳಗೆ. ಆದ್ರೆ ಬೇರೆ ದಾರಿ ಮಾಡುದು ಎಷ್ಟು ಕಷ್ಟ ಅಂತ ನಮಗೆ ರಷ್ಯಾ ಎಣ್ಣೆಯಲ್ಲೇ ಗೊತ್ತಾಯ್ತು. ರೂಪಾಯಿಯಲ್ಲಿ ವ್ಯಾಪಾರ ಮಾಡುವ ಅಂತ ಹೊರಟ್ರೆ, 2023ರ ಮೇಯಲ್ಲಿ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ ಇಲ್ಲೇ ಪಕ್ಕದ ಗೋವಾಕ್ಕೆ ಬಂದು, ನಮ್ಮ ಹತ್ರ ಭಾರತದ ಬ್ಯಾಂಕುಗಳಲ್ಲಿ ಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಅದನ್ನು ಖರ್ಚು ಮಾಡ್ಲಿಕ್ಕೆ ದಾರಿ ಇಲ್ಲ ಅಂತ ಹೇಳಿ ಹೋದ್ರು. ಇರಾನ್ ಅಕ್ಕಿಯಾದ್ರೂ ತಕ್ಕೊಂಡಿತ್ತು. 2022ರ ಡಿಸೆಂಬರ್‌ನಲ್ಲಿ ಜಿ-7 ದೇಶಗಳು ರಷ್ಯಾ ಎಣ್ಣೆಗೆ 60 ಡಾಲರ್ ಮಿತಿ ಹಾಕಿದ್ದನ್ನು ಜಾರಿ ಮಾಡಿದ್ದು ಕೂಡ ಅದೇ ಹಳೇ ದಾರಿಯಲ್ಲಿ, ಹಡಗಿನ ವಿಮೆ. 2025ರ ಅಕ್ಟೋಬರ್‌ನಲ್ಲಿ ರಾಸ್‌ನೆಫ್ಟ್ ಮತ್ತು ಲುಕಾಯ್ಲ್ ಅನ್ನುವ ರಷ್ಯಾದ ಎಣ್ಣೆ ಕಂಪೆನಿಗಳ ಮೇಲೆ ಅಮೆರಿಕದ ನಿರ್ಬಂಧ ಬಂದಾಗ ನಮ್ಮ ಹಲವು ರಿಫೈನರಿಗಳು ಕೂಡ್ಲೆ ಆರ್ಡರ್ ತಡೆಹಿಡಿದ್ವು.

ಅಮೆರಿಕಕ್ಕೆ ದೊಡ್ಡ ಅಪಾಯ ಚೀನಾ ಅಂತ ಎಲ್ಲರೂ ಬರೀತಾರೆ, ನಂಗೆ ಅಷ್ಟು ಅನಿಸುದಿಲ್ಲ. 2012ರಲ್ಲಿ ಇರಾನಿನ ಮೇಲೆ ಆ ಹಗ್ಗ ಬಿಗಿದದ್ದು ಯಾಕಂದ್ರೆ ಬ್ರಸೆಲ್ಸ್, ಲಂಡನ್, ಟೋಕಿಯೋ ಎಲ್ಲವೂ ಒಂದೇ ಕಡೆ ಎಳೆದ್ವು. ವಿಮೆ ನಿಲ್ಲಿಸಿದ್ದು ಯುರೋಪ್, ಅಮೆರಿಕ ಅಲ್ಲ. ಅದೇ ಯುರೋಪಿಗೆ, ಜಪಾನಿಗೆ, ಕೆನಡಾಕ್ಕೆ ಸುಂಕ ಹಾಕಿ, ಗ್ರೀನ್‌ಲ್ಯಾಂಡ್ ಕೊಡಿ ಅಂತ ಡೆನ್ಮಾರ್ಕಿನ ಜೊತೆ ಜಗಳ ಕಾದ್ರೆ ಮುಂದಿನ ಸಲ ಹಗ್ಗ ಎಳೀಲಿಕ್ಕೆ ಯಾರು ಬರ್ತಾರೆ? ಸಂಬಳ ಇಲ್ಲದೆ ಕೆಲಸ ಮಾಡ್ತಿದ್ದ ಪೊಲೀಸರು ಅವ್ರೇ ಅಲ್ವಾ.

ಇತ್ತ ನಮ್ಮ ಸ್ಥಿತಿ ಎಲ್ಲಿಗೆ ಬಂದಿದೆ ಅನ್ನುದಕ್ಕೆ ಚಾಬಹಾರ್ ಬಂದರು ನೋಡಿ. ಪಾಕಿಸ್ತಾನವನ್ನು ಮುಟ್ಟದೆ ಅಫ್ಘಾನಿಸ್ತಾನ, ಮಧ್ಯ ಏಷ್ಯಾಕ್ಕೆ ಸಾಮಾನು ಕಳಿಸ್ಲಿಕ್ಕೆ ನಮಗೆ ಇರುವ ದಾರಿ ಅದು, ಇರಾನಿನಲ್ಲಿ ಉಂಟು. 2018ರಲ್ಲಿ ಅದಕ್ಕೆ ಅಮೆರಿಕ ವಿನಾಯಿತಿ ಕೊಟ್ಟಿತ್ತು. 2024ರ ಮೇಯಲ್ಲಿ ಭಾರತ ಅಲ್ಲಿನ ಟರ್ಮಿನಲ್ ನಡೆಸ್ಲಿಕ್ಕೆ ಇರಾನ್ ಜೊತೆ 10 ವರ್ಷಕ್ಕೆ ಸೈನ್ ಹಾಕ್ತು. 2025ರ ಸೆಪ್ಟೆಂಬರ್ ಕೊನೆಗೆ ಅಮೆರಿಕ ಆ ವಿನಾಯಿತಿ ಎತ್ತಿಹಾಕ್ತು, ದಿಲ್ಲಿ ಮಾತಾಡಿ ಮಾತಾಡಿ ಅಕ್ಟೋಬರ್‌ನಲ್ಲಿ ಮತ್ತೆ ಪರ್ಮಿಷನ್ ತಂತು. ಒಪ್ಪಂದ 10 ವರ್ಷಕ್ಕೆ, ಪರ್ಮಿಷನ್ ಆರು ತಿಂಗಳಿಗೆ.